ಗೋಡೆಯಾಚೆಯ ಕಪ್ಪು ದನಗಳು

ಬೇರೆ ಸೀಮೆಯವರು ಚಳಿ ಶುರುವಾದೊಡನೆ ದನಗಳನ್ನು ಗುಡ್ಡದಿಂದ ಕೆಳಗಿಳಿಸುತ್ತಾರೆ. ಬರೆನ್ ಸೀಮೆಯವರದು ಎಲ್ಲ ಉಲ್ಟಾ. ಬೇಸಿಗೆಯೆಲ್ಲ ಗುಡ್ಡವನ್ನು ಖಾಲಿ ಬಿಟ್ಟು ಹುಲ್ಲು ಬೆಳೆಯಲು ಬಿಡುತ್ತಾರೆ. ಅಕ್ಟೋಬರ್ ಕೊನೆಗೆ ಕೆಳಗಿನ ಹುಲ್ಲುಗಾವಲು ಕೆಸರಾಗುವ ಮೊದಲೇ ಗೇಟು ಮುಚ್ಚಿ ದನಗಳನ್ನು ಮೇಲಕ್ಕೆ ಹೊಡೆಯುತ್ತಾರೆ. ಮೇಲೆಲ್ಲ ಸುಣ್ಣಕಲ್ಲಿನ ಹಾಸು. ಬೇಸಿಗೆಯ ಬಿಸಿಲು ಕುಡಿದ ಆ ಕಲ್ಲು ಅಷ್ಟು ಬೇಗ ತಣ್ಣಗಾಗುವುದಿಲ್ಲ, ಮಲಗಿದ ಹಸುವಿನ ಹೊಟ್ಟೆಗೆ ಕೆಸರು ತಾಗುವುದಿಲ್ಲ. ಗಬ್ಬದ ಹಸುಗಳು ಕಲ್ಲಿನ ಸಂದಿಯ ಒಣಹುಲ್ಲು ಮೇಯುತ್ತ ವಸಂತದವರೆಗೂ ಆರಾಮಾಗಿ ಇದ್ದುಬಿಡುತ್ತವೆ. ಕಷ್ಟವೇನಿದ್ದರೂ ದಿನಾ ಗುಡ್ಡ ಹತ್ತಿ ಅವನ್ನು ಎಣಿಸಿ ಬರುವವರಿಗೆ.

ಆ ಕಷ್ಟದ ಬಗ್ಗೆ ಡೀಲಿಯಾ ಕೆರಿನ್ ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಐವತ್ತೆಂಟು ವರ್ಷ, ಹದಿನಾಲ್ಕು ಹಸು, ಮನೆಯಲ್ಲಿ ಒಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ಚಳಿಗಾಲ ಅವಳೇ ಹತ್ತಿ ಇಳಿದಿದ್ದಾಳೆ. ಮಂಡಿ ನೋವು, ಮಳೆ, ಗಾಳಿ, ಜಾರುವ ಕಲ್ಲು ಎಂದು ಪಟ್ಟಿ ಮಾಡಿ ಗೊಣಗುತ್ತಿದ್ದಳು. ಆ ಗೊಣಗಾಟವೆಲ್ಲ ಶುದ್ಧ ಸುಳ್ಳು. ಜೂನ್ ತಿಂಗಳಿನಿಂದಲೇ ಅವಳು ಅಕ್ಟೋಬರ್ ಬರಲಿ ಎಂದು ಕಾಯುತ್ತಿದ್ದಳು.

ಯಾಕೆಂದರೆ ಅವಳ ಗುಡ್ಡಕ್ಕೂ ಕೋಲ್ಮನ್ ಡ್ರೋನಿಯ ಗುಡ್ಡಕ್ಕೂ ನಡುವೆ ಎದೆಯೆತ್ತರದ ಒಂದು ಕಲ್ಲುಗೋಡೆ. ದಿನಾ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ಈ ಕಡೆ ತನ್ನ ಹಸುಗಳನ್ನು ಎಣಿಸಿ ಮುಗಿಸುವಾಗ, ಆ ಕಡೆ ಅವನು ತನ್ನ ಕೆಂಪು-ಬಿಳಿ ಹಸುಗಳನ್ನು ಎಣಿಸಿ ಮುಗಿಸುತ್ತಿದ್ದ. ಆಮೇಲೆ ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದ. ಅವಳಿಗಿಂತ ಐದು ವರ್ಷ ದೊಡ್ಡವನು, ಮದುವೆಯಾಗದವನು, ಮಾತಿಗೆ ಮುಂಚೆ ಮೂಗು ಉಜ್ಜಿಕೊಳ್ಳುವ ಅಭ್ಯಾಸದವನು.

“ಎಲ್ಲ ಇವೆಯಾ?” ಎಂದು ಕೇಳುತ್ತಿದ್ದ.

“ಇವೆ. ನಿಂದು?”

“ಇವೆ. ಒಂದು ಹೆಚ್ಚೇ ಬಂತು, ತಪ್ಪಿ ನಿನ್ನನ್ನೂ ಎಣಿಸಿಬಿಟ್ಟೆ.”

“ನಿನ್ನ ಕಣ್ಣಿಗೆ ಕನ್ನಡಕ ಬೇಕು, ನಾಲಿಗೆಗೆ ಬೀಗ ಬೇಕು.”

ಇಷ್ಟೇ. ಆಮೇಲೆ ಯಾವ ಹಸು ಕುಂಟುತ್ತಿದೆ, ಯಾರು ಸತ್ತರು, ಪಾದ್ರಿಯ ಪ್ರವಚನ ಎಷ್ಟು ಉದ್ದವಾಯಿತು. ಹತ್ತು ನಿಮಿಷ, ಗಾಳಿಯಿಲ್ಲದ ದಿನ ಇಪ್ಪತ್ತು. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರೂ ಗೋಡೆ ದಾಟಲಿಲ್ಲ. ಕೆಳಗೆ ಊರಲ್ಲಿ ಎದುರಾದರೆ ಅವನು ಸ್ಟೀರಿಂಗಿನಿಂದ ಒಂದು ಬೆರಳೆತ್ತುತ್ತಿದ್ದ, ಅವಳು ತಲೆ ಆಡಿಸುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾಡಿದರೆ ಸಂಜೆಯೊಳಗೆ ಮೂರು ಹಳ್ಳಿಗೆ ಸುದ್ದಿ. ಈ ಜನ ಹೀಗೆ. ಸತ್ತವರ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ, ಬದುಕಿರುವವರಿಗೆ ಏನಾದರೂ ಹೇಳಬೇಕಾದಾಗ ಬಾಯಿ ಕಟ್ಟಿಹೋಗುತ್ತದೆ.

ಈ ವರ್ಷವೂ ಅಕ್ಟೋಬರ್ ಕೊನೆಯ ಶುಕ್ರವಾರ ಡೀಲಿಯಾ ಹಸುಗಳನ್ನು ಹೊರಡಿಸಿದಳು. ಕರುಗಳನ್ನು ಬಿಡಿಸಿ ಸಂತೆಗೆ ಕಳಿಸಿ ಎರಡು ವಾರವಾಗಿತ್ತು. ತಾಯಂದಿರು ಮೂರು ದಿನ ಗೇಟಿನ ಬಳಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ನಾಲ್ಕನೇ ದಿನ ಏನೂ ಆಗಿಲ್ಲವೆಂಬಂತೆ ಮೇಯತೊಡಗಿದ್ದವು. ಜಂತುವಿನ ಔಷಧ ಕುಡಿಸಿಯಾಗಿತ್ತು. ದಾರಿ ಬಲ್ಲ ಹಿರಿಯ ಹಸು ಗೇಟು ತೆಗೆಯುತ್ತಲೇ ಮುಂದೆ ನಡೆಯಿತು, ಉಳಿದವು ಅದರ ಬಾಲ ಹಿಡಿದವು. ನಾಯಿಗೂ ಹೆಚ್ಚು ಕೆಲಸವಿರಲಿಲ್ಲ. ದನ ಹೊಡೆಯಲು ಹೊರಟ ಹೆಂಗಸು ಟೊಪ್ಪಿಯ ಕೆಳಗೆ ಕೂದಲು ಬಾಚಿಕೊಂಡಿದ್ದು ಯಾಕೆ ಎಂದು ನಾಯಿ ಕೇಳುವಂತಿರಲಿಲ್ಲ.

ಮೇಲೆ ಹೋಗಿ ನೋಡಿದರೆ ಗೋಡೆಯಾಚೆ ಬರೀ ಹುಲ್ಲು. ಒಂದು ದನವೂ ಇಲ್ಲ.

ಅಲ್ಲಿಂದ ನೋಡಿದರೆ ಕೆಳಗೆ ಕೋಲ್ಮನ್‌ನ ಹೊಸ ಕೊಟ್ಟಿಗೆಯ ತಗಡಿನ ಮಾಡು ಹೊಳೆಯುತ್ತಿತ್ತು. ಅದು ಏಳುತ್ತಿದ್ದುದನ್ನು ಅವಳು ಬೇಸಿಗೆಯೆಲ್ಲ ನೋಡಿದ್ದಳು. ಕೊಟ್ಟಿಗೆ ಕಟ್ಟಿದರೇನು, ನಾಲ್ಕು ಹಸುವನ್ನಾದರೂ ಮೇಲೆ ತಂದೇ ತರುತ್ತಾನೆ, ಇಷ್ಟು ವರ್ಷದ ರೂಢಿ ಒಮ್ಮೆಗೇ ಬಿಡುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹನ್ನೆರಡರವರೆಗೆ ಕಾದಳು. ಮರುದಿನವೂ ಕಾದಳು. ಅವನು ಎಲ್ಲದಕ್ಕೂ ತಡ, ಮುಂದಿನ ವಾರ ಬರುತ್ತಾನೆ ಎಂದುಕೊಂಡಳು.

ಮುಂದಿನ ಬುಧವಾರ ಗೋಡೆಯಾಚೆ ದನಗಳು ಬಂದವು. ದೂರದಿಂದಲೇ ಅವಳಿಗೆ ಗೊತ್ತಾಯಿತು. ಎಲ್ಲವೂ ಕಪ್ಪು, ಒಂದೂ ಕೋಲ್ಮನ್‌ನದಲ್ಲ. ಅವುಗಳ ಮಧ್ಯೆ ನಾಲ್ಕು ಚಕ್ರದ ಬೈಕೊಂದು ಗುರುಗುಟ್ಟುತ್ತ ಬಂತು. ಮೇಲೆ ಕೂತಿದ್ದವನು ಗುಡ್ಡದ ಆ ಬದಿಯ ಗೇರಿ ನೇಗಲ್, ಇನ್ನೂರು ದನದ ದೊಡ್ಡ ಕುಳ.

“ಕೋಲ್ಮನ್ ಎಲ್ಲಿ?” ಡೀಲಿಯಾ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದಳು.

“ಅವನಿನ್ನು ಹತ್ತಲ್ಲ. ದನ ಎಲ್ಲ ಕೊಟ್ಟಿಗೇಲಿ. ಗುಡ್ಡ ನಂಗೆ ಗುತ್ತಿಗೆಗೆ ಬಿಟ್ಟಿದ್ದಾನೆ, ಐದು ವರ್ಷಕ್ಕೆ.”

“ಐದಾ?”

“ಹೂಂ. ನಿಮಗೇನಾದ್ರೂ ಬೇಕಾದ್ರೆ ಒಂದು ಫೋನ್ ಮಾಡಿ.”

ಕೂತಲ್ಲಿಂದಲೇ ಬೆರಳು ಆಡಿಸಿ ದನ ಎಣಿಸಿ, ಬೈಕು ತಿರುಗಿಸಿ ಹೊರಟುಹೋದ. ಒಟ್ಟು ನಾಲ್ಕು ನಿಮಿಷ. ಇಂಜಿನ್ ಕೂಡ ಆರಿಸಲಿಲ್ಲ.

ಡೀಲಿಯಾ ಅಲ್ಲೇ ಕಲ್ಲಿನ ಮೇಲೆ ಕೂತಳು. ಕೋಲ್ಮನ್ ಮೇಲೆ ಕೋಪ ಬಂತು. ಬಂದಷ್ಟೇ ಬೇಗ ಆರಿಯೂ ಹೋಯಿತು, ಯಾಕೆಂದರೆ ಇದನ್ನು ಮಾಡಿದವಳು ತಾನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರ್ಚಿನಲ್ಲಿ, ದನ ಇಳಿಸುವುದಕ್ಕೆ ಕೆಲವು ದಿನ ಮೊದಲು, ಇದೇ ಗೋಡೆಗೆ ಮೊಣಕೈ ಊರಿ ಕೋಲ್ಮನ್ ಕೇಳಿದ್ದ.

“ಕೆಳಗೆ ಕೊಟ್ಟಿಗೆ ಕಟ್ಟಿಸು ಅಂತಿದ್ದಾರೆ ಎಲ್ಲ. ಚಳಿಗಾಲ ಪೂರ್ತಿ ಒಳಗೇ ಕಟ್ಟೋದು. ನೀನೇನಂತೀಯ?”

ಅವಳು ಏನಂದಳು? ಒಬ್ಬ ಒಳ್ಳೆಯ ರೈತ ಹೆಂಗಸು ಏನನ್ನಬೇಕೋ ಅದನ್ನೇ ಅಂದಳು. ಕರು ಹಾಕುವ ಹೊತ್ತಿಗೆ ಹಸು ಕಣ್ಣೆದುರಿಗೇ ಇರುತ್ತದೆ, ಅಳೆದು ಮೇವು ಹಾಕಬಹುದು, ಹೋದ ವರ್ಷ ಮಂಜಿನಲ್ಲಿ ನಿನ್ನ ಒಂದು ಕಡಸು ಕಾಲು ಮುರಿದುಕೊಂಡಿತಲ್ಲ, ನಿನ್ನ ಮಂಡಿಯೂ ಮೊದಲಿನ ಹಾಗಿಲ್ಲ, ಸರ್ಕಾರದ ಸಹಾಯಧನ ಇರುವಾಗಲೇ ಕಟ್ಟಿಸು. ಮನೆಗೆ ಹೋಗಿ ಅರ್ಜಿಯ ಕೊನೆಯ ದಿನಾಂಕ ಹುಡುಕಿ, ಮರುದಿನ ಚೀಟಿಯಲ್ಲಿ ಬರೆದು ತಂದು ಗೋಡೆಯ ಮೇಲಿಂದ ಅವನ ಕೈಗೂ ಕೊಟ್ಟಳು. ಪುಣ್ಯಾತ್ಗಿತ್ತಿ ದನದ ಹಿತ, ಮಂಡಿಯ ಹಿತ, ಎಲ್ಲರ ಹಿತ ನೋಡಿದಳು. ತನ್ನದೊಂದು ಬಿಟ್ಟು. ಅವನು ಚೀಟಿ ಮಡಚಿ ಜೇಬಿಗಿಟ್ಟು, “ಸರಿ ಹಾಗಾದ್ರೆ” ಎಂದು ಹೋಗಿ, ಆಗಲೇ ಎಣಿಸಿದ್ದ ದನಗಳನ್ನು ಮತ್ತೊಮ್ಮೆ ಎಣಿಸಿದ್ದ.

ಒಬ್ಬಳೇ ಇರುವುದು ಡೀಲಿಯಾಗೆ ಹೊಸದೇನಲ್ಲ. ಒಬ್ಬಳೇ ಉಂಡಿದ್ದಾಳೆ, ಒಬ್ಬಳೇ ಜ್ವರದಲ್ಲಿ ಮಲಗಿದ್ದಾಳೆ, ಕ್ರಿಸ್‌ಮಸ್ ದಿನ ಒಬ್ಬಳೇ ಕೋಳಿ ಹುರಿದಿದ್ದಾಳೆ. ಅದೆಲ್ಲ ಸಹಿಸಿಕೊಂಡದ್ದು ದಿನಕ್ಕೆ ಹತ್ತು ನಿಮಿಷವಾದರೂ ತಾನು ಒಬ್ಬಳಲ್ಲ ಎಂಬುದರ ಬಲದಿಂದ ಎಂದು ಈಗ ತಿಳಿಯಿತು. ನವೆಂಬರ್ ತಿಂಗಳು ಗುಡ್ಡದ ಮೇಲೆ ಬಹಳ ಉದ್ದವಾಗಿತ್ತು. ಹಸುಗಳನ್ನು ಎಣಿಸುತ್ತಿದ್ದಳು, ಹದಿನಾಲ್ಕೂ ಇರುತ್ತಿದ್ದವು, ಇವೆ ಎಂದು ಹೇಳಲು ಯಾರೂ ಇರುತ್ತಿರಲಿಲ್ಲ. ಒಂದು ದಿನ ನಾಯಿಯನ್ನು ಕರೆಯಲು ಬಾಯಿ ತೆರೆದರೆ ಧ್ವನಿಯೇ ಹೊರಡಲಿಲ್ಲ. ಭಾನುವಾರದಿಂದ ಗುರುವಾರದವರೆಗೆ ಯಾರ ಜೊತೆಗೂ ಮಾತಾಡಿರಲಿಲ್ಲವೆಂದು ಆಗ ಲೆಕ್ಕ ಹಾಕಿದಳು. ಕೆಳಗಿಳಿಯುವಾಗ ಎರಡು ಸಲ ನಿಂತು ಅತ್ತಳು. ಮಂಡಿ ನೋವಿಗೆ ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಕೇಳುವವರಿರಲಿಲ್ಲ.

ಹೋಗಿ ಅವನಿಗೆ ಹೇಳಿಬಿಡಬೇಕು. ಈ ಯೋಚನೆ ಬಂದದ್ದು ಸೋಮವಾರ, ಧೈರ್ಯ ಬಂದದ್ದು ಶನಿವಾರ. ಅಂಗಡಿಯದಲ್ಲ, ತಾನೇ ಚಹಾದಲ್ಲಿ ಒಣದ್ರಾಕ್ಷಿ ನೆನೆಸಿ ಮಾಡಿದ ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮಧ್ಯಾಹ್ನ ಮೂರಕ್ಕೆ ಕೋಲ್ಮನ್‌ನ ಅಂಗಳಕ್ಕೆ ಹೋದಳು. ಆ ಅಂಗಳಕ್ಕೆ ಅವಳು ಹಿಂದೆ ಬಂದಿದ್ದು ಅವನ ತಾಯಿ ಸತ್ತಾಗ.

ಕೋಲ್ಮನ್ ಕೊಟ್ಟಿಗೆಯ ಬಾಗಿಲಲ್ಲಿ ಮೇವೆತ್ತುವ ಕವೆಗೋಲು ಹಿಡಿದು ನಿಂತಿದ್ದ. ಅವಳನ್ನು ಕಂಡು ಮೂಗು ಉಜ್ಜಿಕೊಂಡ.

“ಏನು, ದಾರಿ ತಪ್ಪಿ ಬಂದ್ಯಾ?”

“ಕೊಟ್ಟಿಗೆ ನೋಡೋಣ ಅಂತ ಬಂದೆ. ಊರೆಲ್ಲ ನೋಡಿ ಹೋಯ್ತಂತೆ, ನನಗೊಂದು ಕರೆ ಇಲ್ಲ.”

“ಕರೆಯೋದೇನು, ಇದು ನಿಂದೇ ಕೊಟ್ಟಿಗೆ. ನೀನು ಹೇಳಿದ್ದು, ನಾನು ಕಟ್ಟಿದ್ದು. ಬಾ ಒಳಗೆ.”

ಅವನು ಎಲ್ಲ ತೋರಿಸಿದ. ಸಗಣಿ ತಾನಾಗಿಯೇ ಕೆಳಗಿನ ಗುಂಡಿಗೆ ಬೀಳುವ ಹಾಗೆ ಸಂದು ಬಿಟ್ಟ ಕಾಂಕ್ರೀಟ್ ನೆಲ, ಮೂತಿ ಒತ್ತಿದರೆ ನೀರು ಬರುವ ಬೋಗುಣಿ, ಕರು ಹಾಕಲು ಬೇರೆಯದೇ ಮೂಲೆ. ಕೆಂಪು-ಬಿಳಿ ಹಸುಗಳು ಸಾಲಾಗಿ ಕತ್ತು ಚಾಚಿ ಹುದುಗಿಸಿದ ಹಸಿಮೇವು ಮೆಲ್ಲುತ್ತಿದ್ದವು. ಮೈ ತುಂಬಿಕೊಂಡಿದ್ದವು, ಅದರಲ್ಲಿ ಎರಡು ಮಾತಿಲ್ಲ. ಅವನು ಒಂದು ಕಾಲು ಎಳೆದು ನಡೆಯುತ್ತಿದ್ದ, ಹೋದ ವರ್ಷಕ್ಕಿಂತ ಹೆಚ್ಚು.

“ಚೆನ್ನಾಗಿದೆ” ಎಂದಳು ಡೀಲಿಯಾ.

“ಹೂಂ. ಚೆನ್ನಾಗೇ ಇದೆ.” ಅವನು ಒಂದು ಹಸುವಿನ ಹಣೆ ಕೆರೆದ. “ಬೆಳಿಗ್ಗೆ ಏಳಕ್ಕೆ ಮೇವು ಹಾಕಿದ್ರೆ ಏಳೂವರೆಗೆ ಕೆಲಸ ಮುಗೀತು. ಆಮೇಲೆ ದಿನ ಪೂರ್ತಿ ಇರುತ್ತೆ.”

“ದಿನ ಪೂರ್ತಿ ಏನು ಮಾಡ್ತೀಯ?”

“ರೇಡಿಯೋ ಇದೆ.” ಮೂಗು ಉಜ್ಜಿಕೊಂಡು ಮತ್ತೆ ಅಂದ, “ಹನ್ನೊಂದು ಗಂಟೆಗೆ ಒಂಥರಾ ಆಗುತ್ತೆ. ಏನೋ ಮರೆತುಬಿಟ್ಟಿದ್ದೀನಿ ಅನ್ನೋ ಹಾಗೆ.”

ಇನ್ನು ತಡೆದರೆ ಮತ್ತೆಂದೂ ಬಾಯಿ ಬರುವುದಿಲ್ಲ ಎಂದು ಡೀಲಿಯಾಗೆ ಅನ್ನಿಸಿತು.

“ನಾನು ಹಾಗೆ ಹೇಳಬಾರದಿತ್ತು ಕೋಲ್ಮನ್. ಮಾರ್ಚಿನಲ್ಲಿ. ನೀನು ದನದ ಬಗ್ಗೆ ಕೇಳಿದೆ, ನಾನು ದನದ ಬಗ್ಗೆ ಹೇಳಿದೆ.”

ಅವನು ಅವಳ ಮುಖ ನೋಡಿದ. ಅಡ್ಡ ಗೋಡೆಯಿಲ್ಲದೆ ಅವಳನ್ನು ಇಷ್ಟು ಹತ್ತಿರದಿಂದ ನೋಡಿ ಅವನಿಗೆ ಅಭ್ಯಾಸವಿರಲಿಲ್ಲ.

“ದನಕ್ಕೆ ಯಾವುದು ಒಳ್ಳೇದು ಅಂತ ನಂಗೂ ಗೊತ್ತಿತ್ತು ಮಾರಾಯ್ತಿ. ನಲವತ್ತು ವರ್ಷ ದನ ಕಾದೋನು. ಕೊಟ್ಟಿಗೆ ಹತ್ತು ವರ್ಷದ ಹಿಂದೇನೇ ಕಟ್ಟಿಸಬಹುದಿತ್ತು, ಮಂಡಿ ಆಗಲೇ ಕೈ ಕೊಟ್ಟಿತ್ತು. ನೀನೊಬ್ಬಳೇ ಆಗ್ತೀಯ ಅಲ್ಲಿ ಅಂತ ಹತ್ತುತಾ ಇದ್ದೆ. ನಾನು ಕೇಳಿದ್ದು ನೀನು ಬೇಡ ಅಂತೀಯೇನೋ ನೋಡೋಣ ಅಂತ. ನೀನು ಮರುದಿನ ಚೀಟಿ ಬರೆದುಕೊಂಡು ಬಂದೆ.”



“ಬೇಡ” ಎಂದಳು ಡೀಲಿಯಾ. “ಈಗ ಹೇಳ್ತಿದ್ದೀನಿ. ಬೇಡ. ನೀನಿಲ್ಲದೆ ನಂಗೆ ಅಲ್ಲಿ ಆಗಲ್ಲ. ದಿನಾ ಹತ್ತುತೀನಿ, ದಿನಾ ಅತ್ತುಕೊಂಡು ಇಳೀತೀನಿ.”

ಕೋಲ್ಮನ್ ನೆಲ ನೋಡಿದ, ತಗಡಿನ ಮಾಡು ನೋಡಿದ, ಕೊನೆಗೆ ತನ್ನ ಮಂಡಿ ನೋಡಿಕೊಂಡ.

“ಐದು ವರ್ಷಕ್ಕೆ ಬರೆದುಕೊಟ್ಟುಬಿಟ್ಟೆನಲ್ಲ. ಅಷ್ಟು ಹೊತ್ತಿಗೆ ನಂಗೆ ಅರವತ್ತೆಂಟು. ಈ ಕಾಲು ಈಗಲೇ ಮನೆ ಮೆಟ್ಟಿಲು ಹತ್ತಲ್ಲ.”

“ಗೊತ್ತು.”

“ಕೇಳಿದಾಗಲೇ ಈ ಮಾತು ಹೇಳಿದ್ರೆ ಒಂದು ತಗಡು ಕೂಡ ತರ್ತಿರಲಿಲ್ಲ.”

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ, ನಡೆದದ್ದನ್ನು ಹೇಳುವಂತೆ ಹೇಳಿದ. ಸಿಟ್ಟಿನಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ರೊಟ್ಟಿ ಸುತ್ತಿದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. ಒರೆಸಿದಷ್ಟೂ ನೀರು ಬಂತು. ಅವಳ ಭುಜದ ಕಡೆಗೆ ಕೋಲ್ಮನ್‌ನ ಕೈ ಅರ್ಧ ಎದ್ದು ಅಲ್ಲೇ ನಿಂತಿತು. ಅಳುವ ಹೆಂಗಸಿನ ಎದುರು ಏನು ಮಾಡಬೇಕೆಂದು ಅವನಿಗೆ ಯಾರೂ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಕವೆಗೋಲು ಎತ್ತಿಕೊಂಡು, ಮುಂದೆ ರಾಶಿ ಮೇವಿದ್ದ ಹಸುವಿಗೇ ಇನ್ನಷ್ಟು ಮೇವು ಹಾಕಿದ.