ಕ್ಲೆಮ್‌ನ ಬಾಯಿಗಿಟ್ಟ ಮಾತು

ಹಾಲಿವುಡ್ಡಿನ ಚಿತ್ರಗಳಿಗೆ ಇನ್ನೂ ದನಿ ಬಂದಿರಲಿಲ್ಲ. ಪರದೆಯ ಮೇಲೆ ಮೂಡುವ ಮಾತು ಬರೆಯುವುದು, ಬೇಡದ ದೃಶ್ಯ ಕತ್ತರಿಸುವುದು ಎರಡೂ ವಿನಿಫ್ರೆಡ್‌ಳ ಕೆಲಸ.

ಅವಳ ಕೈಲಿದ್ದ ಒಂದು ಚಿತ್ರದ ಚಿತ್ರೀಕರಣದ ಕೊನೆಯ ದಿನ ಕುದುರೆ ಮುಗ್ಗರಿಸಿ, ಸವಾರ ಕ್ಲೆಮ್ ಅದರ ಕೆಳಗೆ ಸಿಕ್ಕಿ ಸತ್ತ. "ಅವನ ಮುಖ ಎಲ್ಲೂ ಕಾಣಬಾರದು. ಪೇಪರಿನವರು ಕೆದಕ್ತಾರೆ," ಎಂದರು ನಿರ್ಮಾಪಕ ಹೋಲ್ಕಂಬ್.

ಮರುದಿನ ಕ್ಲೆಮ್‌ನ ಹೆಂಡತಿ ಆಡಾ ಬಂದಳು. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋದವಳು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. "ಅಮ್ಮಾ, ಮನೇಲಿ ಅವನದೊಂದು ಫೋಟೋನೂ ಇಲ್ಲ. ಚಿತ್ರದಲ್ಲಿ ಒಂದು ಕಡೆಯಾದ್ರೂ ಅವನ ಮುಖ ಉಳಿಸಿ," ಎಂದಳು.

ವಿನಿಫ್ರೆಡ್ ಹುಡುಕಿದಳು. ಒಂದು ದೃಶ್ಯದಲ್ಲಿ ಕ್ಲೆಮ್ ಕುದುರೆಯ ಪಕ್ಕ ನಿಂತು, ನಗುನಗುತ್ತ ಯಾರಿಗೋ ಏನೋ ಹೇಳುತ್ತಿದ್ದ. ಜನ ನಕ್ಕ ದೃಶ್ಯವನ್ನು ಯಾವ ನಿರ್ಮಾಪಕನೂ ತೆಗೆಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಮಾತಾಡುತ್ತಿರುವಾಗಲೇ ನಡುವೆ ಕತ್ತರಿಸಿ, ಅಲ್ಲಿ ಅಕ್ಷರ ಕೂಡಿಸಿದಳು: "ಈ ಕುದುರೆಗಿಂತ ನಮ್ಮ ಮಾವನೇ ಮೆತ್ತಗೆ ಒದೀತಾನೆ!"

ಬಿಡುಗಡೆಗೆ ಮೊದಲು ಊರಾಚೆಯ ಚಿತ್ರಮಂದಿರದಲ್ಲಿ ಜನರಿಗೆ ತೋರಿಸಿ ನೋಡುವುದು ವಾಡಿಕೆ. ಅಂದು ಜನ ಹೊಟ್ಟೆ ಹಿಡಿದು ನಕ್ಕರು. ಹೋಲ್ಕಂಬ್ ಹಿಂದಿನಿಂದ ಬಾಗಿ, "ಗಟ್ಟಿಗಿತ್ತಿ ಕಣಮ್ಮ ನೀನು! ಅದೊಂದು ಇರ್ಲಿ ಬಿಡು," ಎಂದರು.

ವಿನಿಫ್ರೆಡ್‌ಳ ಪಕ್ಕದಲ್ಲಿದ್ದ ಆಡಾ ನಗಲಿಲ್ಲ, ಅವಳ ಕೆನ್ನೆ ತೊಯ್ದಿತ್ತು. ಗುರುತಿಲ್ಲದ ಹೆಂಗಸೊಬ್ಬಳು ಅವಳ ಕೈಗೆ ಕರವಸ್ತ್ರ ತುರುಕಿ ಸುಮ್ಮನೆ ಮುಂದೆ ಹೋದಳು. ದೀಪ ಹತ್ತಿದ ಮೇಲೆ ಆಡಾ ಹೇಳಿದಳು:

"ಅವನು ಹೇಳಿದ್ದು ಅದಲ್ಲ."

"ಮತ್ತೇನು?"

"ಅಕ್ಷರ ಬರೋಕೆ ಮುಂಚೆ, 'ಸರ್, ಇದು ಕಾಲೇ ಊರ್ತಿಲ್ಲ' ಅಂದ. ಆಮೇಲೆ, 'ಬೇರೆ ಕುದುರೆ ಕೊಡಿ' ಅಂದ. ಕ್ಯಾಮೆರಾ ಓಡ್ತಿತ್ತಲ್ಲ, ಅದಕ್ಕೆ ನಗ್ತಾನೇ ಬೇಡ್ಕೊಂಡಿದಾನೆ."

ಆ ತುಟಿಗಳನ್ನು ವಿನಿಫ್ರೆಡ್ ದಿನಗಟ್ಟಲೆ ನೋಡಿದ್ದಳು. ತನ್ನ ಮಾತು ಅವಕ್ಕೆ ಹೊಂದುತ್ತದೆಯೇ ಎಂದು ಮಾತ್ರ.

"ಅವನ ಮಾತನ್ನೇ ಹಾಕ್ತೀನಿ," ಎಂದಳು.

"ಹಾಕಿದ್ರೆ ಅವರು ಬಿಡ್ತಾರಾ?"

"ಇಲ್ಲ. ಇಡೀ ದೃಶ್ಯ ಕಿತ್ತು ಸುಡಿಸ್ತಾರೆ."

ಆಡಾ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಹಾಗಾದ್ರೆ ನಗ್ಲಿ ಬಿಡಿ. ನನಗೆ ಮುಖ ಬೇಕು."

ಚಿತ್ರ ಊರೆಲ್ಲ ಓಡಿತು. ಅದು ಹೋದ ಚಿತ್ರಮಂದಿರಕ್ಕೆಲ್ಲ ಆಡಾ ಹೋದಳು. ಬಿಡುವಾದಾಗ ವಿನಿಫ್ರೆಡ್ ಅವಳ ಜೊತೆಗೆ ಕೂರುತ್ತಿದ್ದಳು. ನಗು ಆಡಾಳಿಗೆ ಕೇಳಿಸದು. ಆದರೆ ಕುರ್ಚಿಗಳ ಸಾಲು ಅದುರುವುದು ತಿಳಿಯುತ್ತಿತ್ತು. ಅಕ್ಷರ ಬಂದೊಡನೆ ಅವಳು ಕಣ್ಣು ಮುಚ್ಚುತ್ತಿದ್ದಳು. ಕ್ಲೆಮ್‌ನ ಮುಖ ಮರಳಿ ಬಂದಾಗ ವಿನಿಫ್ರೆಡ್ ಅವಳ ಮೊಣಕೈ ಮುಟ್ಟುತ್ತಿದ್ದಳು.