ಬೀಗ ಹಾಕದ ದಿನ

ಗಂಡನ ಮೈ ಕೊನೆಯ ಸಲ ತೊಳೆಯುವ ನೀರಿಗೆ ಸಲೀಮಾ ಕರ್ಪೂರ ಪುಡಿ ಮಾಡಿ ಹಾಕುತ್ತಿದ್ದಾಗ ಪಕ್ಕದ ಮನೆಯ ದಾಕ್ಷಾಯಣಿ ಹಿತ್ತಲ ಬಾಗಿಲಿನಿಂದ ಓಡಿಬಂದಳು. ಅತ್ತು ಅತ್ತು ಊದಿದ ಕಣ್ಣು, ಮುಖದ ತುಂಬ ಮಾತ್ರ ಬೇರೇನೋ ಗಡಿಬಿಡಿ.

"ಸಲೀಮಕ್ಕ, ಮರುಸರ್ವೆಯವ್ರು ಬಂದಿದಾರೆ. ಓಣಿ ಬಾಯಲ್ಲಿ ಜೀಪು ನಿಂತಿದೆ."

ಕರ್ಪೂರದ ಪೊಟ್ಟಣ ಪೊಟ್ಟಣವೇ ನೀರಿಗೆ ಬಿತ್ತು. ಮೂರು ವರ್ಷ! ದಸ್ತಗೀರ್ ಎಂಬ ಆ ಮನುಷ್ಯ ಮೂರು ವರ್ಷ ದಾರಿ ಕಾದ ಜೀಪು ಅದು. ಸುಟ್ಟಮೋರೆಯದು ಬರಬೇಕೆಂದರೆ ಇವತ್ತೇ ಬರಬೇಕೆ, ಅವನು ಅಂಗಳದಲ್ಲಿ ಕಣ್ಣು ಮುಚ್ಚಿ ಮಲಗಿರುವಾಗ?

*

ದಸ್ತಗೀರ್ ಭದ್ರಾವತಿಯಲ್ಲಿ ಸ್ಕೂಟರ್ ರಿಪೇರಿ ಮಾಡಿಕೊಂಡಿದ್ದವನು. ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವ ಸರ್ವೆಯವರು ಒಂದು ಬುಧವಾರ ಹನ್ನೊಂದು ಗಂಟೆಗೆ ಬಂದು ಹೋದರು. ಆ ಹೊತ್ತಿನಲ್ಲಿ ಈ ಓಣಿಯಲ್ಲಿ ಯಾರಿರುತ್ತಾರೆ ಹೇಳಿ! ಗಂಡಸರು ಗ್ಯಾರೇಜು, ಲಾರಿ ಎಂದು ಹೋಗಿರುತ್ತಾರೆ, ಹೆಂಗಸರು ಗಾರ್ಮೆಂಟ್ಸು, ಮನೆಗೆಲಸ ಎಂದು. ಮೂವತ್ತೆಂಟು ಮನೆಗಳಲ್ಲಿ ಮೂವತ್ತೊಂದಕ್ಕೆ ಬೀಗ. ಬೀಗ ಕಂಡಲ್ಲೆಲ್ಲ 'ವಾಸವಿಲ್ಲ' ಎಂದು ಗೀಚಿಕೊಂಡು ಹೋದರು. ವಾಸವಿದ್ದವರಿಗೆ ಇದ್ದಲ್ಲೇ ಹಕ್ಕುಪತ್ರ, ಅರ್ಧಕ್ಕಿಂತ ಹೆಚ್ಚು ಮನೆ ಖಾಲಿಯಿದ್ದರೆ ಇಡೀ ಓಣಿಯೇ ತೆರವು ಎಂಬುದು ನಿಯಮವಂತೆ.

ದಸ್ತಗೀರ್ ಕೆರಳಿಬಿಟ್ಟ. ವರ್ಷ ತಪ್ಪದೆ ಮನೆಕಂದಾಯ ಕಟ್ಟಿಸಿಕೊಳ್ಳುವಾಗ ನಾವು ಮನೆಯಲ್ಲಿದ್ದೆವು, ಈಗ ಇಲ್ಲವಾದೆವೋ ಎಂದು ಎಲ್ಲರ ರಸೀದಿಗಳನ್ನು ಟಿಫಿನ್ ಡಬ್ಬಿಗೆ ತುಂಬಿ ಪ್ರತಿ ಸೋಮವಾರ ಜಿಲ್ಲಾ ಕಚೇರಿಗೆಂದು ಶಿವಮೊಗ್ಗದ ಬಸ್ಸು ಹತ್ತಿದ. ಗಿರಾಕಿಗಳೆಲ್ಲ ಎದುರು ಗ್ಯಾರೇಜಿನ ಪಾಲಾದರು. ಸಲೀಮಾ ಬಯ್ದಳು, ಅತ್ತಳು, ಒಂದು ವಾರ ಮಾತೂ ಬಿಟ್ಟಳು. ಅವನು ಕೇಳಬೇಕಲ್ಲ!

ಅಂತೂ ಮರುಸರ್ವೆಯ ಆದೇಶ ತಂದ. ಆದರೆ ತಾರೀಖು ಮುಂಚೆ ಹೇಳುವುದಿಲ್ಲವಂತೆ. ಮನೆಗೊಬ್ಬರಾದರೂ ಹಗಲು ಉಳಿಯಿರಿ ಎಂದು ಅವನು ಪ್ರತಿ ಬಾಗಿಲಿಗೂ ಹೋಗಿ ಬೇಡಿಕೊಂಡ. ಎಲ್ಲರೂ ಹೂಂ ಅಂದರು, ಬೆಳಗಾದರೆ ಬೀಗ ಜಡಿದು ಕೂಲಿಗೆ ಹೊರಟರು. ಅವರನ್ನಾದರೂ ಏನನ್ನೋಣ, ಹೊಟ್ಟೆ ಕೇಳುತ್ತದೆಯೇ?

*

ಇವತ್ತು ಒಂದೇ ಒಂದು ಬೀಗವಿರಲಿಲ್ಲ. ಓಣಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಯಾರ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ಹಿಂದೂಗಳ ಮನೆಯಾಗಲಿ ಮುಸಲ್ಮಾನರ ಮನೆಯಾಗಲಿ, ಅಲ್ಲಿ ಹಿಂದಿನಿಂದ ನಡೆದುಬಂದದ್ದು ಹಾಗೆ. ಖುಷಿಯಾಗಿತ್ತು ಸಲೀಮಾಳಿಗೆ. ಇಂಥ ದಿನ ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅಷ್ಟರಲ್ಲಿ ಮಗ ಇಲಿಯಾಸ್ ಬಂದು ಹೊಸ ತಕರಾರು ಹೇಳಿದ. ಸರ್ವೆಗೆ ಬಂದವನು ವಿಜಯಕುಮಾರ್ ಎಂಬ ಅಧಿಕಾರಿ, ಒಳ್ಳೆಯವನೇ, ಆದರೆ ಬಾಗಿಲು ತೆರೆದಿದ್ದರೆ ಸಾಲದು ಅನ್ನುತ್ತಾನೆ. ಸಾವಿಗೆ ಬಂದ ನೆಂಟರೂ ಬಾಗಿಲಲ್ಲಿ ನಿಂತಿರಬಹುದು. ಮನೆಯಲ್ಲಿ ಒಲೆ ಉರಿಯುವುದನ್ನು ಕಣ್ಣಾರೆ ಕಂಡರೆ ಮಾತ್ರ 'ವಾಸವಿದೆ' ಎಂದು ಬರೆಯುತ್ತಾನಂತೆ. ಇಡೀ ಓಣಿಯಲ್ಲಿ ಒಂದು ಒಲೆಯೂ ಉರಿಯುತ್ತಿಲ್ಲ.

ದಾಕ್ಷಾಯಣಿ ತಲೆ ಅಲ್ಲಾಡಿಸಿದಳು. "ಅಣ್ಣ ಇನ್ನೂ ಅಂಗಳದಲ್ಲಿದಾರೆ. ನಾನು ಹೋಗಿ ಅನ್ನಕ್ಕಿಡ್ಲಾ? ಮನೆ ಹೋದ್ರೆ ಹೋಗ್ಲಿ, ನನ್ನ ಕೈಲಾಗಲ್ಲ ಅಕ್ಕ."

ಹಿಂದೆ ಸೇರಿದ್ದ ಹೆಂಗಸರೆಲ್ಲರ ಮುಖದಲ್ಲೂ ಅದೇ ಇತ್ತು. ಎಂಥ ಜನ ಇವರು! ಅವನು ಬದುಕಿದ್ದಾಗ ಒಂದು ಮಾತು ಕೇಳಲಿಲ್ಲ, ಈಗ ಅವನ ಮರ್ಯಾದೆಗೆ ಮನೆಯನ್ನೇ ಕಳೆದುಕೊಳ್ಳಲು ಹೊರಟಿದ್ದಾರೆ. ಸಲೀಮಾಳಿಗೆ ಸಿಟ್ಟೂ ಅಕ್ಕರೆಯೂ ಒಟ್ಟಿಗೇ ಉಕ್ಕಿಬಂದವು.

"ನಿಮ್ಮಣ್ಣನ್ನ ಮೂವತ್ತು ವರ್ಷದಿಂದ ಬಲ್ಲೆ ನಾನು," ಅಂದಳು. "ಈಗ ಒಲೆ ಹೊತ್ತಿಸ್ಲಿಲ್ಲ ಅಂದ್ರೆ ಎದ್ದು ಬಂದು ಬಯ್ತಾರೆ. ಹೋಗು ಮಾರಾಯ್ತಿ. ಎಲ್ರೂ ಹೋಗಿ."

ದಾಕ್ಷಾಯಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು, ಅವಳ ಹಿಂದೆ ಉಳಿದವರು. ಅಬ್ಬಾ, ಓಣಿ ಎದ್ದುನಿಂತ ಪರಿಯೇ! ಬೆಂಕಿಪೊಟ್ಟಣಗಳು ಕೈಯಿಂದ ಕೈಗೆ ಹಾರಿದವು. ಸಿಲಿಂಡರ್ ಖಾಲಿಯಾದವರು ಕಟ್ಟಿಗೆ ಹುಡುಕಿದರು, ಕಟ್ಟಿಗೆ ಸಿಗದವರು ಮುರುಕು ಸ್ಟೂಲನ್ನೇ ಒಡೆದು ಉರಿ ಮಾಡಿದರು. ವಿಜಯಕುಮಾರ್ ಕಾಗದ ಹಿಡಿದು ಮನೆಯಿಂದ ಮನೆಗೆ ನಡೆದ, ಓಣಿಯ ಮಕ್ಕಳೆಲ್ಲ ಗಟ್ಟಿಯಾಗಿ ಎಣಿಸುತ್ತ ಹಿಂಬಾಲಿಸಿದರು. ಎಲ್ಲೋ ಕುಕ್ಕರ್ ಕೂಗಿದ್ದಕ್ಕೆ ಗಂಡಸರು ಚಪ್ಪಾಳೆ ತಟ್ಟಿಯೇಬಿಟ್ಟರು. ಸಾವಿನ ಮನೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ಕೊನೆಯದು ಸಲೀಮಾಳ ಮನೆ. ಅಷ್ಟು ಹೊತ್ತಿಗೆ ದಸ್ತಗೀರನನ್ನು ತೊಳೆದು, ಬಿಳಿ ಬಟ್ಟೆ ಸುತ್ತಿ, ಅಂಗಳದಲ್ಲಿ ಹೆಣ ಹೊರುವ ಜನಾಜಾದ ಮಂಚದ ಮೇಲೆ ಮಲಗಿಸಿ ಆಗಿತ್ತು. ವಿಜಯಕುಮಾರ್ ಚಪ್ಪಲಿ ಬಿಟ್ಟು ಒಳಗೆ ಬಂದು ತಲೆ ತಗ್ಗಿಸಿದ. ಈ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸಬಾರದು ಎಂದು ಅವನಿಗೂ ಗೊತ್ತಿತ್ತು. ನೋಡದೆಯೇ ಬರೆದುಕೊಳ್ಳುತ್ತೇನೆ ಬಿಡಿ ಅಂದ.

"ನೋಡದೇ ಬರೆದಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು ಸ್ವಾಮಿ," ಎಂದು ಸಲೀಮಾ ಕಡ್ಡಿ ಗೀರಿದಳು. ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟಳು. ಈಗ ಮಾತ್ರ ಕಣ್ಣು ತುಂಬಿ ನೀಲಿ ಉರಿ ಕಲಸಿಹೋಯಿತು.

ಅವನು ಉರಿ ನೋಡಿ ಗುರುತು ಹಾಕಿದ. ಮನೆಯ ಯಜಮಾನರು ಯಾರು ಎಂದು ಮೆಲ್ಲಗೆ ಕೇಳಿದ.

"ದಸ್ತಗೀರ್."

ವಿಜಯಕುಮಾರನ ಪೆನ್ನು ತಡೆಯಿತು. ಅವನು ಅಂಗಳದತ್ತ ನೋಡಿದ.

"ಇದಾರೆ," ಅಂದಳು ಸಲೀಮಾ. "ಇನ್ನೂ ಹೊರಟಿಲ್ಲ. ಬರ್ಕೊಳಿ."

ಅಂಗಳದಲ್ಲಿ ಇಲಿಯಾಸ್ ಮತ್ತು ಓಣಿಯ ಗಂಡಸರು ಮಂಚದ ಗಳಗಳಿಗೆ ಕೈಹಾಕಿ ಬಗ್ಗಿದ್ದರು. ವಿಜಯಕುಮಾರ್ ಬರೆಯತೊಡಗಿದ. ಅವನು ಬರೆದು ಮುಗಿಸುವ ತನಕ ಅವರು ಬಗ್ಗಿಕೊಂಡೇ ಇದ್ದರು, ಯಾರೂ ಎತ್ತಲಿಲ್ಲ.