ಪ್ಲಾಸ್ಟಿಕ್ ಮನೆಗೆ ಚರಗ

"ಬಸುರಿ ಹೆಣ್ಮಗಳನ್ನ ಒಳಗ ಕೂಡಿ ಬಾಗಿಲ ಹಾಕ್ಯಾಳಲ್ಲ, ಇವರ ದೇಶದಾಗ ಹಿಂಗೇನು?"

ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಎರ್ರಮ್ಮ ಕೇಳಿದಳು. ಜೊತೆಗೆ ಬಂದಿದ್ದ ಸೊಸೆ ಗುರುಬಸಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಬಸುರಿ ಎಂದದ್ದು ಪ್ಲಾಸ್ಟಿಕ್ ಮನೆಯೊಳಗಿನ ಮಣ್ಣನ್ನು. ಅವತ್ತು ಸೀಗೆ ಹುಣ್ಣಿಮೆ, ಪೈರು ಹೊತ್ತ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ದಿನ. ಕುರುಗೋಡಿನ ಸುತ್ತಲ ಹೊಲಗಳಲ್ಲೆಲ್ಲ ಜನ ಕಡುಬು, ಪುಂಡಿಪಲ್ಯ, ಮೊಸರನ್ನ ಕಲಸಿ ಚರಗವೆಂದು ಬೆಳೆಯ ಮೇಲೆ ಚೆಲ್ಲುತ್ತಿದ್ದರು.

ಬಾಗಿಲಿಗೆ ಅಡ್ಡ ನಿಂತವಳು ಮಾರ್ತಾ. ಡೆನ್ಮಾರ್ಕಿನ ಹುಡುಗಿ, ಸಂಬಳವಿಲ್ಲದೆ ಸೇವೆಗೆಂದು ಬಂದವಳು. ಬಿದಿರಿನ ಕಮಾನುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಈ ಸಸಿಮನೆ ಕಟ್ಟಿಸಿದಾಗ ಊರೇ ನಕ್ಕಿತ್ತು. ನಮ್ಮ ಸೀಮೆಗೆ ಬಿಸಿಲು ಸಾಲದೆಂದು ಕೂಡಿಡಲು ಬಂದಳೇನೋ ಎಂದು ಸಿರುಗುಪ್ಪೆಯ ಬಸ್ಸಿನಲ್ಲೂ ಅದೇ ಮಾತು. ಆಕೆಯೂ ಜೊತೆಗೆ ನಕ್ಕು, ಮೇಲೆ ಈಚಲ ಚಾಪೆ ಹಾಸಿ ಬಿಸಿಲು ತಗ್ಗಿಸಿದಳು. ಮಳೆಗಾಲದಲ್ಲಿ ಹೊರಗಿನ ಸಸಿಗಳು ಕೊಳೆತು ಒಳಗಿನವು ನೆಟ್ಟಗೆ ನಿಂತಾಗ ಊರಿನ ನಗು ತಾನಾಗಿಯೇ ತಣ್ಣಗಾಯಿತು.

ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಗುರುಬಸಮ್ಮನಿಗಂತೂ ಅದು ಎರಡನೆಯ ತವರು. ಮಡಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವಾಗ ಯಾರೂ ಅವಳನ್ನು ಕೂಗುತ್ತಿರಲಿಲ್ಲ, ಮರೆತೇಹೋಗಿದ್ದ ಹಾಡುಗಳು ಬಾಯಿಗೆ ಬರುತ್ತಿದ್ದವು. ಚರಗ ಬೀಳದ ಜಾಗಕ್ಕೆ ನಾಳೆಯಿಂದ ನೀನು ಹೋಗಕೂಡದು ಎಂದು ಅವತ್ತು ಬೆಳಿಗ್ಗೆ ಅತ್ತೆ ಹೇಳಿದಾಗ, ಒಳಗೆ ಚರಗ ಚೆಲ್ಲಲು ಮಾರ್ತಾ ಆಗಲೇ ಒಪ್ಪಿದ್ದಾಳೆ ಎಂದು ಸುಳ್ಳು ಹೇಳಿಬಿಟ್ಟಿದ್ದಳು. ಮಾರ್ತಾಳ ಮುಂದೆ ಆ ಮಾತು ಎತ್ತಲು ಧೈರ್ಯವೇ ಬಂದಿರಲಿಲ್ಲ. ಹೋದ ತಿಂಗಳು ಯಾರೋ ಬೀಳಿಸಿದ ರೊಟ್ಟಿ ಚೂರಿಗೆ ಇಲಿ ನುಗ್ಗಿ ಒಂದು ಮಡಿಯನ್ನೇ ಕತ್ತರಿಸಿಹಾಕಿತ್ತು. ಆಗ ಇಬ್ಬರೂ ಎದುರುಬದುರು ಕೂತು ಅತ್ತಿದ್ದರು.

"ಒಳಗ ಊಟ ಬ್ಯಾಡ, ಅಮ್ಮಾ," ಎಂದಳು ಮಾರ್ತಾ. "ಇಲಿ ಬರ್ತಾವ."

"ವರ್ಷಕ್ಕೊಮ್ಮಿ ಇಲಿ ಉಂಡ್ರ ಏನಾತವ್ವ? ಅದೂ ಒಂದು ಜೀವ ಅಲ್ಲೇನು?" ಎರ್ರಮ್ಮ ಸೊಸೆಯತ್ತ ತಿರುಗಿದಳು. "ಒಪ್ಯಾಳ ಅಂದಿದ್ದಿ. ಆತು, ನಡಿ ಮನಿಗೆ."

ಗುರುಬಸಮ್ಮ ನಡೆಯಲಿಲ್ಲ. ತಾನು ಬಸುರಿದ್ದಾಗ ನೆರೆಯ ಕೊಟ್ರಮ್ಮ ಬಯಕೆಯ ಊಟಕ್ಕೆ ಕರೆದದ್ದು ನೆನಪಾಯಿತು. ಊಟ ತನ್ನಲ್ಲಿಗೆ ಬಂದಿರಲಿಲ್ಲ, ತಾನೇ ಹೊಸ ಸೀರೆಯುಟ್ಟು ಅವರ ಮನೆಗೆ ಹೋಗಿದ್ದಳು. ಸಸಿಮನೆಗೆ ರೋಗ ನುಗ್ಗದಂತೆ ಬಾಗಿಲ ಬಳಿ ಇಟ್ಟಿದ್ದ ಸುಣ್ಣದ ನೀರಲ್ಲಿ ಕಾಲದ್ದಿ ಅವಳು ಒಳಹೊಕ್ಕಳು. ಮಡಿಯ ಮಣ್ಣು ತುಂಬಿ ಮೆಣಸಿನ ಸಸಿ ನೆಟ್ಟಿದ್ದ ಡಾಲ್ಡಾ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ತಂದು ಅತ್ತೆಯ ಮುಂದಿನ ಬಂಡೆಯ ಮೇಲೆ ಕೂರಿಸಿದಳು.

"ಬಸುರೀನ ಉಣ್ಣಾಕ ಕರದವರು ನೀವು, ಅತ್ತಿ. ಆಕಿನೇ ಹೊರಗ ಬಂದಾಳ. ಬಡಸ್ರಿ."

ಎರ್ರಮ್ಮ ಡಬ್ಬಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ತುಟಿ ಬಿಗಿಹಿಡಿದು ಬುಟ್ಟಿ ಇಳಿಸಿದಳು. ಬುಟ್ಟಿಗೆ ಮುಚ್ಚಿದ್ದ ಹಸಿರು ಕುಬಸದ ಬಟ್ಟೆಯನ್ನು ಡಬ್ಬಿಯ ಕೆಳಭಾಗಕ್ಕೆ ಸುತ್ತಿ, ಡಬ್ಬಿಯ ಮೇಲಿದ್ದ ತಾಳೆಮರದ ಚಿತ್ರಕ್ಕೆ ಕುಂಕುಮ ಹಚ್ಚಿ, ಸಸಿಯ ಬುಡಕ್ಕೆ ಕಡುಬು ಮುರಿದಿಟ್ಟಳು. ಬಸುರಿ ಒಬ್ಬಳೇ ಉಣ್ಣಬಾರದೆಂದು ಮಾರ್ತಾಳನ್ನೂ ಪಕ್ಕಕ್ಕೆ ಕೂರಿಸಿದಳು. ಪುಂಡಿಪಲ್ಯದ ಖಾರಕ್ಕೆ ಹುಡುಗಿಯ ಮೂಗು ಕೆಂಪಾಗಿ, ಕಣ್ಣಲ್ಲಿ ನೀರು ಸುರಿದರೂ ಎಲೆ ಬಿಟ್ಟೇಳಲಿಲ್ಲ. ಅದನ್ನು ನೋಡಿ ಎರ್ರಮ್ಮ ಇನ್ನೊಂದು ಸೌಟು ಹಾಕಿದಳು.

ಊಟ ಮುಗಿದು ಗುರುಬಸಮ್ಮ ಡಬ್ಬಿ ಎತ್ತಿಕೊಂಡಾಗ ಮಾರ್ತಾ ಮೆಲ್ಲಗೆ ಕೈ ಅಡ್ಡ ಹಿಡಿದಳು. ಅದರ ಮಣ್ಣಲ್ಲಿ ಈಗ ಕಡುಬಿತ್ತು.

"ಇದೂ ಒಳಗ ಬ್ಯಾಡ," ಎಂದಳು. ಹೇಳಲು ಅವಳಿಗೇ ಕಷ್ಟವಾಗಿತ್ತು.

ಕಟ್ಟಿದ್ದೆಲ್ಲ ಮತ್ತೆ ಕುಸಿಯಿತು ಎಂದುಕೊಂಡಳು ಗುರುಬಸಮ್ಮ.

ಎರ್ರಮ್ಮ ಎದ್ದು ಸೀರೆ ಕೊಡವಿದಳು. "ಬ್ಯಾಡಂದ್ರ ಬ್ಯಾಡ. ಬಯಕಿ ಉಂಡಾಕಿ ಹಡಿಯಾಕ ತವರಿಗೆ ಬರಬೇಕಲ್ಲ, ನಮ್ಮನ್ಯಾಗ ಹಡೀಲಿ ಕೊಡು." ಡಬ್ಬಿಯನ್ನು ಕಸಿದುಕೊಂಡು ಸೊಸೆಗೆ ಹೇಳಿದಳು, "ನೀ ಎಲ್ಲಿ ಬರ್ತಿ? ಕೆಲಸ ನೋಡು. ನಾಳಿಗೂ ಬುತ್ತಿ ಕಟ್ಟಿಕೊಡ್ತೀನಿ, ಈಕಿಗೂ ಸೇರಿಸಿ. ಹೊರಗ ಕುಂತು ಉಣ್ರಿ."

ಖಾಲಿ ಬುಟ್ಟಿ ತಲೆಯ ಮೇಲೆ, ಡಬ್ಬಿ ಸೊಂಟದ ಮೇಲೆ, ಎರ್ರಮ್ಮ ಕಾಲುವೆಯ ದಾರಿ ಹಿಡಿದಳು. ಜಾಲಿಮರಗಳ ನೆರಳು ಮುಗಿಯುವಲ್ಲಿ ಒಂದು ಗಳಿಗೆ ನಿಂತಳು. ಮುಂದೆಲ್ಲ ಬರೀ ಬಿಸಿಲು. ಸೆರಗನ್ನು ಎಳೆದು ಸಸಿಯ ಮೇಲೆ ಹೊದಿಸಿ, ಮತ್ತೆ ನಡೆದಳು.